ಸೀಲಿಂಗ್ ಉದುರುತ್ತಿದೆ, ಒಡೆಯದೆ ಒಳಗಿನ ಕಂಬಿ ಸ್ಥಿತಿ ತಿಳಿಯಬಹುದಾ?

ಪ್ರಶ್ನೆ: ನಮಸ್ತೆ ಸರ್. ನಮ್ಮ ಮನೆ ಮಲ್ಪೆ ಕಡೆ, ಸಮುದ್ರಕ್ಕೆ ಹತ್ತಿರ. 1994ರಲ್ಲಿ ಅಪ್ಪ ಕಟ್ಟಿಸಿದ್ದು. ಅಡುಗೆಮನೆ ಸ್ಲ್ಯಾಬಿನ ಅಡಿಯಿಂದ ಚಕ್ಕೆ ಉದುರುತ್ತಿದೆ, ಎರಡು ಕಡೆ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಮೇಸ್ತ್ರಿ ಗಿಲಾವು ಮಾಡಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಇಡೀ ಸ್ಲ್ಯಾಬ್ ತೆಗೆಯಬೇಕು ಎಂದರು. ಲ್ಯಾಬಿನವರೊಬ್ಬರು ಹ್ಯಾಮರ್ ಟೆಸ್ಟ್ ಮಾಡಿ ಕಾಂಕ್ರೀಟ್ ಚೆನ್ನಾಗಿದೆ ಎಂದು ರಿಪೋರ್ಟ್ ಕೊಟ್ಟಿದ್ದಾರೆ. ಯಾರ ಮಾತು ಕೇಳೋದು?

ಉತ್ತರ: ಮೊದಲು ಸೆಂಟ್ರಿಂಗಿನವರ ಹತ್ತಿರ ಜಾಕಿ ಬಾಡಿಗೆಗೆ ತಂದು ಆ ಸ್ಲ್ಯಾಬಿಗೆ ಆಧಾರ ಕೊಡಿಸಿ. ಟೆಸ್ಟ್ ಆಮೇಲೆ.

ಆ ಹ್ಯಾಮರ್ ರಿಪೋರ್ಟನ್ನು ಸದ್ಯಕ್ಕೆ ಪಕ್ಕಕ್ಕಿಡಿ. ರಿಬೌಂಡ್ ಹ್ಯಾಮರ್ (ಬಡಿದಾಗ ಎಷ್ಟು ಪುಟಿಯುತ್ತದೆ ಅಂತ ನಂಬರ್ ಕೊಡುವ ಸಾಧನ) ಹೇಳೋದು ಮೇಲ್ಮೈ ಎಷ್ಟು ಗಟ್ಟಿ ಅಂತ ಮಾತ್ರ, ಕಂಬಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಇನ್ನೂ ತಮಾಷೆ ಏನು ಗೊತ್ತಾ? ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗಿಳಿದ ಹಳೆ ಕಾಂಕ್ರೀಟಿನ ಮೇಲ್ಮೈ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ ನಂಬರ್ ಜಾಸ್ತಿ ಬರುತ್ತದೆ. ಕಂಬಿಗಿದ್ದ ಕ್ಷಾರದ ರಕ್ಷಣೆ ಹೋಗುವುದೂ ಅದರಿಂದಲೇ!

ನಿಮಗೆ ಬೇಕಾದದ್ದು ಬೇರೆ. ಮೊದಲನೆಯದು ಕವರ್ ಮೀಟರ್. ಕಂಬಿ ಎಲ್ಲಿದೆ, ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಅಂತ ಆಯಸ್ಕಾಂತೀಯ ಪರಿಣಾಮದಿಂದ ತೋರಿಸುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಮುದ್ರದ ಗಾಳಿ ನೇರ ಬಡಿಯುವಲ್ಲಿ 45 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ದಪ್ಪ, ಬೇಕು. ಹಳೆ ಮನೆಗಳಲ್ಲಿ ಕವರ್ ಬ್ಲಾಕ್ ಬದಲು ಸುಮ್ನೆ ಜಲ್ಲಿ ಚೂರು ಕೊಟ್ಟು ಕಾಂಕ್ರೀಟ್ ಹಾಕಿದ್ದರೆ ಇದರ ಕಾಲುಭಾಗವೂ ಸಿಗದೇ ಇರಬಹುದು.

ಮುಖ್ಯವಾದದ್ದು ಹಾಫ್ ಸೆಲ್ ಟೆಸ್ಟ್. ಕಂಬಿಯ ವೋಲ್ಟೇಜ್ ಅಳೆದು ಒಳಗೆ ತುಕ್ಕು ನಡೆಯುತ್ತಿದೆಯಾ ಅಂತ ಅಂದಾಜು ಮಾಡುವುದು. ಒಂದು ಕಂಬಿಯನ್ನು ಸ್ವಲ್ಪ ಬಿಡಿಸಿ ಉಜ್ಜಿ ವೈರ್ ಕಚ್ಚಿಸುತ್ತಾರೆ, ಅದರ ಇನ್ನೊಂದು ತುದಿ ವೋಲ್ಟ್ ಮೀಟರಿಗೆ. ಆಮೇಲೆ ಮೀಟರಿನ ಇನ್ನೊಂದು ವೈರಿಗೆ ಸೇರಿದ, ತಾಮ್ರದ ಸಲ್ಫೇಟಿನ ನೀಲಿ ದ್ರಾವಣ ತುಂಬಿದ ಕೊಳವೆಯನ್ನು ಒದ್ದೆ ಸ್ಪಂಜಿನ ತುದಿಯಿಂದ ಸ್ಲ್ಯಾಬಿಗೆ ಒತ್ತುತ್ತಾ, ಚಾಕ್‌ನಲ್ಲಿ ಹಾಕಿದ ಚೌಕಗಳ ಮೂಲೆ ಮೂಲೆಯಲ್ಲಿ ರೀಡಿಂಗ್ ಬರೆದುಕೊಳ್ಳುತ್ತಾರೆ. ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾಕ್ಕಿಂತ ಹೆಚ್ಚು, ಮೈನಸ್ 200ಕ್ಕಿಂತ ಮೇಲಿದ್ದರೆ ತುಕ್ಕಿಲ್ಲ ಎನ್ನುವ ಸಾಧ್ಯತೆಯೂ 90 ಶೇಕಡಾಕ್ಕಿಂತ ಹೆಚ್ಚು. ನಡುವಿನದ್ದು ಖಚಿತ ಇಲ್ಲ. ಪೇಂಟ್, ಪುಟ್ಟಿ ಕೆರೆಯದೆ ಮಾಡಿದರೆ ಆ ನಂಬರಿಗೆ ಅರ್ಥ ಇಲ್ಲ.

ಮತ್ತೊಬ್ಬ ಸದಸ್ಯರು: ಸರ್, ಈಗ ರಾಡಾರ್ ಸ್ಕ್ಯಾನರ್ ಬಂದಿದೆಯಲ್ಲ, ಎಕ್ಸ್‌ರೇ ತರಹ ಎಲ್ಲ ಕಾಣುತ್ತೆ ಅಂತಾರೆ. ಅದೊಂದನ್ನೇ ಮಾಡಿಸಿದರೆ ಸಾಲದಾ?

ಉತ್ತರ: ಸಾಲದು. ಕಂಬಿಯ ಜಾಗ, ಆಳ, ಎಷ್ಟು ಅಂತರಕ್ಕೆ ಒಂದು ಅನ್ನೋದು ಚೆನ್ನಾಗಿ ಸಿಗುತ್ತದೆ. 8 ಮಿ.ಮೀ. ಕಂಬಿ ಸವೆದು 7 ಆಗಿದೆ ಅಂತ ಅದು ಹೇಳುವುದಿಲ್ಲ, ಕವರ್ ಮೀಟರೂ ಹೇಳುವುದಿಲ್ಲ. ಆ ಒಂದು ಮಿ.ಮೀ. ಅಂದರೆ ಅಡ್ಡಕೊಯ್ತದಲ್ಲಿ 23 ಶೇಕಡಾ ಉಕ್ಕು ಹೋಗಿದೆ ಅಂತ! ಅದಕ್ಕೇ ಹಾಫ್ ಸೆಲ್ ಕೆಟ್ಟದಾಗಿ ತೋರಿಸಿದ ಎರಡು ಮೂರು ಕಡೆ ಅಂಗೈಯಗಲ ಒಡೆದು, ತುಕ್ಕನ್ನು ವೈರ್ ಬ್ರಷ್‌ನಲ್ಲಿ ತೆಗೆದು, ವರ್ನಿಯರ್ ಹಿಡಿದು ಅಳೆಯಲೇಬೇಕು. ಒಂದು ಚೂರೂ ಒಡೆಯದೆ ಪೂರ್ತಿ ಉತ್ತರ ಕೊಡುತ್ತೇನೆ ಎನ್ನುವವರ ಬಗ್ಗೆ ನನಗೆ ಅನುಮಾನ ಜಾಸ್ತಿ.

ಒಡೆದ ಜಾಗಕ್ಕೇ ಫಿನಾಲ್ಫ್ತಲೀನ್ ಸಿಂಪಡಿಸಿ. ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಉಳಿದಿದೆ. ಬಣ್ಣ ಬರದ ಭಾಗ ಕಂಬಿಯನ್ನು ದಾಟಿ ಹೋಗಿದ್ದರೆ ಕಾರಣ ಸಿಕ್ಕಿತು. ಕಂಬಿಯ ಸುತ್ತ ಗುಲಾಬಿ ಇದ್ದೂ ತುಕ್ಕು ಹಿಡಿದಿದ್ದರೆ ಉಪ್ಪಿನ ಮೇಲೆ ಕಣ್ಣಿಡಿ.

ಪ್ರಶ್ನೆ ಕೇಳಿದವರು: ಉಪ್ಪಿನದ್ದೇ ಇರಬಹುದು ಸರ್. ಆಗ ಹೊಯ್ಗೆ ಹೊಳೆಬಾಯಿಯಿಂದ ತಂದಿದ್ದು ಅಂತ ಅಮ್ಮ ಹೇಳುತ್ತಾರೆ. ಹಾಗಾದರೆ ಗಿಲಾವು?

ಉತ್ತರ: ಹಾಗಿದ್ದರೆ ಡ್ರಿಲ್ ಹಾಕಿ ಬೇರೆ ಬೇರೆ ಆಳದ ಪುಡಿ ತೆಗೆದು ಕ್ಲೋರೈಡ್ (ಉಪ್ಪಿನಂಶ) ಟೆಸ್ಟಿಗೆ ಕೊಡಿ. ಕಾಂಕ್ರೀಟ್ ಹಾಕುವಾಗ ಕ್ಲೋರೈಡ್ ಒಂದು ಘನ ಮೀಟರಿಗೆ 0.6 ಕೆ.ಜಿ. ದಾಟಬಾರದು ಅಂತ ಐಎಸ್ 456 ಹೇಳುತ್ತದೆ. ಹೊಯ್ಗೆಯಿಂದಲೇ ಬಂದಿದ್ದರೆ ಎಲ್ಲ ಆಳದಲ್ಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣ, ಗಾಳಿಯಿಂದ ಬಂದಿದ್ದರೆ ಹೊರಗೆ ಜಾಸ್ತಿ, ಒಳಗೆ ಕಡಿಮೆ.

ಉಪ್ಪಿದ್ದರೆ ಬರೀ ಗಿಲಾವು ಬೇಡ. ಹೊಸ ತೇಪೆಯೊಳಗಿನ ಕಂಬಿ ಚೆನ್ನಾಗಿರುತ್ತದೆ, ಆದರೆ ತೇಪೆಯ ಅಂಚಿನಾಚೆ ಹಳೆ ಕಾಂಕ್ರೀಟಿನಲ್ಲಿ ತುಕ್ಕು ಇನ್ನೂ ಜೋರಾಗುತ್ತದೆ. "ಮೊನ್ನೆ ಮಾಡಿಸಿದ್ದು, ಪಕ್ಕದಲ್ಲೇ ಮತ್ತೆ ಉದುರಿತು" ಅಂತ ಜನ ಹೇಳೋದು ಇದನ್ನೇ.

ಪ್ರಶ್ನೆ ಕೇಳಿದವರು: ಈಗ ಮಳೆ ಜೋರಿದೆ. ಈಗಲೇ ಮಾಡಿಸಬಹುದಾ?

ಉತ್ತರ: ನೀರು ಕುಡಿದು ನಿಂತ ಸ್ಲ್ಯಾಬಿನಲ್ಲಿ ಆಮ್ಲಜನಕ ಸಿಗದೆ, ತುಕ್ಕು ಇಲ್ಲದಿದ್ದರೂ ರೀಡಿಂಗ್ ತುಂಬಾ ಮೈನಸ್ ಬರಬಹುದು. ಹಾಫ್ ಸೆಲ್ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಜಾಕಿ ತೆಗೆಯಬೇಡಿ. ತಲೆಗೆ ಹೆಲ್ಮೆಟ್ ಹಾಕಿ, ಪಕ್ಕಕ್ಕೆ ನಿಂತು, ಸಣ್ಣ ಸುತ್ತಿಗೆಯಲ್ಲಿ ಸೀಲಿಂಗ್ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಚಾಕ್ ಗುರುತು ಹಾಕಿ, ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.