ಪೀಲಿಯನ್‌ಗೆ ನಾಲ್ಕು ದಿನ: ಎಲ್ಲಿ ಉಳಿಯೋದು, ಯಾವ ಬೀಚಿಗೆ ಯಾವಾಗ

ಅಕ್ಕಾ, ಸೆಪ್ಟೆಂಬರಲ್ಲಿ ಅಥೆನ್ಸಿಂದ ಕಾರ್ ಮಾಡ್ಕೊಂಡು ಗ್ರೀಸಿನ ಬೆಟ್ಟದ ಸೀಮೆ ಪೀಲಿಯನ್‌ಗೆ ಹೋಗ್ತಿದೀವಿ, ಅತ್ತೆಗೆ ಮಂಡಿನೋವು, ದಿನಕ್ಕೊಂದು ಹಳ್ಳೀಲಿ ಉಳಿಯೋಣ್ವಾ ಅಂತ ಕೇಳಿದ್ಯಲ್ಲ. ಬೇಡ. ನಾಲ್ಕೂ ರಾತ್ರಿ ಒಂದೇ ಕಡೆ ಇರಿ, ಪೂರ್ವದ ಇಳಿಜಾರಲ್ಲಿರೋ ತ್ಸಗರಾದಾ ಹಳ್ಳೀಲಿ. ಯಾಕೆ ಅಂತ ಹೇಳ್ತೀನಿ.

ಮ್ಯಾಪಲ್ಲಿ ಎಲ್ಲಾ ಹತ್ತಿರ ಹತ್ತಿರ ಕಾಣತ್ತೆ. ಆದ್ರೆ ಮಧ್ಯದಲ್ಲಿ 1,600 ಮೀಟರ್ ಮೀರಿದ ಬೆಟ್ಟ ಇದೆ. ಪಶ್ಚಿಮಕ್ಕೆ ಪಗಸೆಟಿಕ್ ಕೊಲ್ಲಿ, ಪೂರ್ವಕ್ಕೆ ಏಜಿಯನ್ ಸಮುದ್ರ. ಬೆಟ್ಟದ ಬುಡದ ವೋಲೋಸ್ ಪಟ್ಟಣದಿಂದ ಮಿಲಿಯೆಸ್ ಹಳ್ಳಿ ಮೇಲಾಗಿ ತ್ಸಗರಾದಾಗೆ ಐವತ್ತು ಕಿಲೋಮೀಟರ್ ಆಸುಪಾಸು, ಅಷ್ಟಕ್ಕೇ ಒಂದೂವರೆ ಗಂಟೆ ಇಟ್ಕೊಳ್ಳಿ. ಪೂರ್ತಿ ತಿರುವು. ಅತ್ತೆಗೆ ವಾಂತಿ ಬರೋ ಹಾಗಿದ್ರೆ ಮುಂದಿನ ಸೀಟಲ್ಲಿ ಕೂರಿಸಿ, ಮಾತ್ರೆ ವೋಲೋಸಲ್ಲೇ ಕೊಟ್ಬಿಡಿ. ಪೆಟ್ರೋಲೂ ಅಲ್ಲೇ ತುಂಬಿಸ್ಕೊಳ್ಳಿ, ಆ ಕಡೆ ಬಂಕ್ ಕಮ್ಮಿ.

ರೂಮ್ ಬುಕ್ ಮಾಡೋವಾಗ ಎರಡು ವಿಷಯ ನೋಡು. ತ್ಸಗರಾದಾ ಒಂದೇ ಕಡೆ ಕೂಡಿರೋ ಊರಲ್ಲ, ಕಾಡಿನ ಮಧ್ಯೆ ಚದುರಿರೋ ನಾಲ್ಕು ಕೇರಿ. ಅಯ್ಯಾ ಪರಸ್ಕೆವಿ ಅನ್ನೋ ಕೇರೀಲಿ ತಗೋ. ಸಾವಿರ ವರ್ಷದ್ದು ಅಂತ ಅಲ್ಲಿಯವರು ಹೇಳೋ ದೊಡ್ಡ ಪ್ಲೇನ್ (ಚಿನಾರ್) ಮರದ ಕಟ್ಟೆ ಅಲ್ಲೇ ಇದೆ. ಇನ್ನೊಂದು, ಹಳೇ ಮನೆಗಳನ್ನೇ ಲಾಡ್ಜ್ ಮಾಡಿರ್ತಾರೆ. ಕೆಳಗಡೆ ದಪ್ಪ ಕಲ್ಲುಗೋಡೆ, ಪುಟ್ಟ ಕಿಟಕಿ; ಮೇಲಿನ ಅಂತಸ್ತು ಮರದ್ದು, ಗೋಡೆಯಿಂದ ಆಚೆ ಚಾಚಿರತ್ತೆ, ಸುತ್ತಾ ಕಿಟಕಿ; ಸೂರಿಗೆ ಕಲ್ಲಿನ ಹಲಗೆ. ನೋಡೋಕೆ ಬಲು ಚೆಂದ, ಆದ್ರೆ ಒಳಗಿನ ಮರದ ಮೆಟ್ಲು ಕಡಿದಾಗಿರತ್ತೆ. ನೆಲಮಹಡಿ ಬೇಕು, ಕಾರ್ ಬಾಗಿಲವರೆಗೂ ಬರತ್ತಾ ಅಂತ ಬರೆದು ಕೇಳು. ಕಲ್ಲು ಹಾಸಿದ ಹೇಸರಗತ್ತೆ ದಾರಿ ಹತ್ತಿ ಹೋಗೋ ಮನೆ ಆದ್ರೆ ಅತ್ತೆಗೆ ಆಗಲ್ಲ. ಮಳೆ ಬಿದ್ರೆ ಆ ಕಲ್ಲು ಯಾರನ್ನಾದ್ರೂ ಜಾರಿಸತ್ತೆ.

ಬೀಚಿಗೆ ಬೆಳಿಗ್ಗೇನೇ ಹೊರಡಿ. ಪೂರ್ವದ ಬೀಚ್‌ಗಳಿಗೆ ಬೆನ್ನ ಹಿಂದೆ ಬೆಟ್ಟ, ಮಧ್ಯಾಹ್ನ ದಾಟ್ತಿದ್ದ ಹಾಗೆ ನೆರಳು ಬೀಳತ್ತೆ. ನಾಲ್ಕು ಗಂಟೆಗೆ ಹೋಗಿ ಚಳಿ, ಬಿಸಿಲೇ ಇಲ್ಲ ಅಂತ ಬೇಜಾರು ಮಾಡ್ಕೊಳ್ಳೋರು ಬಹಳ. ಮಿಲೊಪೊಟಮೋಸ್‌ನಲ್ಲಿ ಬಂಡೆ ಕೊರೆದ ಕಮಾನು ಇದೆ, ಫೋಟೋದಲ್ಲಿ ನೋಡಿದ್ದು ಅದೇ. ಅಲ್ಲಿ ಕಾರ್ ಮೇಲೇ ನಿಲ್ಲಿಸಿ ಮೆಟ್ಲು ಇಳೀಬೇಕು, ಫಕಿಸ್ತ್ರಾಗೆ ಕಡಿದಾದ ಕಾಲುದಾರಿ, ಕೆಳಗಡೆ ಅಂಗಡಿ ಇಲ್ಲ. ಇವೆರಡೂ ನೀನು, ಭಾವ, ಮಕ್ಕಳು ಹೋಗಿಬನ್ನಿ. ಅತ್ತೆ ಜೊತೆ ಅಯೋಸ್ ಯಾನಿಸ್‌ಗೆ ಹೋಗಿ: ರಸ್ತೆ ಸಮುದ್ರದ ಪಕ್ಕಕ್ಕೇ ಬರತ್ತೆ, ಕೂತು ಕಾಫಿ ಕುಡೀಬಹುದು. ಈ ಬೀಚ್‌ಗಳಲ್ಲಿ ಬೆಣಚುಕಲ್ಲು ಜಾಸ್ತಿ, ರಬ್ಬರ್ ಚಪ್ಪಲಿ ಬೇಕೇ ಬೇಕು. ಕೆಲವು ಕಡೆ ನಾಲ್ಕು ಹೆಜ್ಜೆಗೇ ಆಳ, ಮಕ್ಕಳ ಕೈ ಬಿಡಬೇಡಿ. ಹಿಂದಿನ ರಾತ್ರಿ ಗಾಳಿ ನೋಡು. ಉತ್ತರದಿಂದಲೋ ಈಶಾನ್ಯದಿಂದಲೋ ಜೋರಾಗಿದ್ರೆ ಪೂರ್ವದಲ್ಲಿ ಅಲೆ ಏಳತ್ತೆ. ಆವತ್ತು ಪಶ್ಚಿಮಕ್ಕೆ, ಅಫಿಸೋಸ್‌ಗೋ ಕಲಾ ನೆರಾಗೋ ಹೋಗಿ, ಕೊಲ್ಲಿ ನೀರು ಶಾಂತ. ದಾರೀಲಿ ಮಿಲಿಯೆಸ್, ವಿಜಿತ್ಸಾ ನೋಡಿದ ಹಾಗೂ ಆಗತ್ತೆ.

ಮಕ್ಕಳು ಕೇಳಿದ ಪುಟಾಣಿ ರೈಲು ಆನೋ ಲೆಹೋನಿಯಾದಿಂದ ಮಿಲಿಯೆಸ್‌ವರೆಗೆ ಹೋಗತ್ತೆ, ಹಳಿ ಬರೀ 60 ಸೆಂಟಿಮೀಟರ್ ಅಗಲ. 2023ರ ಸೆಪ್ಟೆಂಬರಲ್ಲಿ ಡೇನಿಯಲ್ ಬಿರುಗಾಳಿ ಮಳೆ ಆ ಭಾಗವನ್ನ ಬಹಳ ಹಾಳು ಮಾಡ್ತು, ಅದಕ್ಕೇ ಓಡ್ತಿದೆಯಾ ಅಂತ ರೈಲಿನವರ ಸೈಟಲ್ಲಿ ನೋಡದೆ ಮಕ್ಕಳಿಗೆ ಮಾತು ಕೊಡಬೇಡ. ಮಕ್ರಿನಿತ್ಸಾ ಹಳ್ಳೀನ ವಾಪಸ್ ಬರೋ ದಿನಕ್ಕೆ ಇಡಿ, ಅದು ವೋಲೋಸಿನ ನೆತ್ತಿ ಮೇಲೇ ಇದೆ. ಕಾರ್ ಊರ ಬಾಗಿಲಲ್ಲೇ ಬಿಡಬೇಕು.

ಭಾವಂಗೆ ಹೇಳು: ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಮಾಡಿಸ್ಕೊಂಡು ಹೊರಡಲಿ. ಆಟೋಮ್ಯಾಟಿಕ್ ಬೇಕಿದ್ರೆ ಈಗಲೇ ಬುಕ್ ಮಾಡ್ಲಿ, ಅಲ್ಲಿ ಗೇರ್ ಗಾಡೀನೇ ಜಾಸ್ತಿ. ತೀರಾ ಸಣ್ಣ ಇಂಜಿನ್ ಬೇಡ, ಐದು ಜನ ಲಗೇಜ್ ಸಮೇತ ಏರಲ್ಲಿ ಎಳೆಯಲ್ಲ. ಬೀಚಿಗೆ ಇಳಿಯೋವಾಗ ಎರಡನೇ ಗೇರಲ್ಲಿ ಇಳೀಲಿ, ಬ್ರೇಕ್ ಒತ್ತಿಕೊಂಡೇ ಹೋದ್ರೆ ಕಾದು ಹಿಡಿತ ತಪ್ಪತ್ತೆ. ತಿರುವಲ್ಲಿ ಬಸ್ ಎದುರಾದ್ರೆ ಮೊದಲೇ ನಿಂತು ದಾರಿ ಕೊಡಲಿ.

ಊಟದ ಚಿಂತೆ ಬೇಡ. ಗಿಗಾಂತೆಸ್ ಅಂದ್ರೆ ಟೊಮೇಟೊದಲ್ಲಿ ಬೇಯಿಸಿದ ದಪ್ಪ ಬಿಳಿ ಅವರೆಯಂಥ ಕಾಳು. ಹೋರ್ತಾ, ಬೇಯಿಸಿದ ಸೊಪ್ಪು. ಬ್ರಿಯಾಮ್, ತರಕಾರಿ ಬೇಕ್ ಮಾಡಿದ್ದು. ಸ್ಪೆಜೊಫಾಯ್ ಮೆಣಸಿನಕಾಯಿ ಪಲ್ಯದ ಥರ ಕಂಡ್ರೂ ಅದ್ರಲ್ಲಿ ಸಾಸೇಜ್ ಇರತ್ತೆ. 'ನಿಸ್ತಿಸಿಮೊ' ಅಂದ್ರೆ ಅವರ ಉಪವಾಸದ ಊಟ, ಮಾಂಸ ಹಾಲು ಮೊಟ್ಟೆ ಇರಲ್ಲ, ಆದ್ರೆ ಆಕ್ಟೋಪಸ್, ಸ್ಕ್ವಿಡ್ ಹಾಕ್ಬಹುದು. ಅದನ್ನ ಬೇರೆಯಾಗಿ ಕೇಳಿ. ಜಗೋರಾ ಕಡೆ ಹೋದ್ರೆ ಸೇಬು ತಗೊಳ್ಳಿ, ಸೆಪ್ಟೆಂಬರಲ್ಲಿ ಕೊಯ್ಲು ನಡೀತಿರತ್ತೆ.