ಡ್ರಿಪ್ ಕಾಫಿ ಮೇಕರ್: ಗಾಜಿನ ಜಗ್‌ನ ಕಂದು ಕಲೆ ಹೋಗ್ತಿಲ್ಲ, ನೀರೂ ಪೂರ್ತಿ ಇಳೀತಿಲ್ಲ

ಬೆಳಗಿನಕಾಫಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹಳೆಯ ಡ್ರಿಪ್ ಕಾಫಿ ಮೇಕರ್ ಇದೆ, 600 ಎಂಎಲ್ ಗಾಜಿನ ಜಗ್‌ನದು. ಅಪ್ಪ ಬೆಳಿಗ್ಗೆ ಐದೂವರೆಗೇ ಏಳುತ್ತಾರೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಕಾಯುವುದು ಬೇಡ ಅಂತ ಅವರಿಗಾಗಿಯೇ ತಂದದ್ದು. ಈಗ ಎರಡು ತೊಂದರೆ. ಜಗ್‌ನ ತಳದಲ್ಲಿ ಕಂದು ಬಣ್ಣ ಕೂತುಬಿಟ್ಟಿದೆ, ಮೇಲ್ಭಾಗದಲ್ಲಿ ಬಿಳಿ ಮಂಜಿನ ಹಾಗೆ ಮಸುಕು. ವಿನೆಗರ್ ಹಾಕಿ ಇಡೀ ರಾತ್ರಿ ಇಟ್ಟೆ. ಕಂದು ಕಲೆ ಒಂದು ಚೂರೂ ಹೋಗಲಿಲ್ಲ. ಆಮೇಲೆ ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ಸ್ವಲ್ಪ ಉಜ್ಜಿದೆ.

ಇನ್ನೊಂದು, ಮೆಷಿನ್ ಮೊದಲಿನ ಹಾಗಿಲ್ಲ. ಗೊರ ಗೊರ ಸದ್ದು ಜೋರಾಗಿದೆ, ಹಬೆ ಜಾಸ್ತಿ ಬರುತ್ತೆ, ನೀರು ಮಾತ್ರ ನಿಧಾನ. ಕೆಲವು ದಿನ ಟ್ಯಾಂಕಿನಲ್ಲಿ ಕಾಲು ಭಾಗ ನೀರು ಹಾಗೇ ಉಳಿಯುತ್ತೆ. ರಿಪೇರಿ ಅಂಗಡಿಯಲ್ಲಿ ಹೀಟರ್ ಹೋಗಿದೆ, ಹೊಸದೇ ತಗೊಳ್ಳಿ ಅಂದರು. ನಿಜವಾಗಲೂ ಅಷ್ಟೇನಾ?

ಸ್ಕ್ರೂಡ್ರೈವರ್:
ಮೇಡಂ, ಹೊಸದು ತಗೊಳ್ಳುವ ಮೊದಲು ಮೂರು ವಿಷಯ ಹೇಳಿ. ಯಾವ ನೀರು ಹಾಕುತ್ತೀರಿ? ಪುಡಿಯಲ್ಲಿ ಚಿಕೋರಿ ಎಷ್ಟು? ಟ್ಯಾಂಕಿನ ತಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಬಿಳಿ ಪುಡಿ ಕಾಣಿಸುತ್ತಾ?

ಬೆಳಗಿನಕಾಫಿ:
ಬೆಂಗಳೂರಿನ ಅಪಾರ್ಟ್‌ಮೆಂಟ್, ಬೋರ್‌ವೆಲ್ ನೀರು. ಕುಡಿಯುವುದಕ್ಕೆ ಫಿಲ್ಟರ್ ಇದೆ, ಆದರೆ ಮೆಷಿನ್‌ಗೆ ನಲ್ಲಿ ನೀರೇ ಹಾಕುತ್ತಿದ್ದೆವು. ಪುಡಿ 70:30. ಟಾರ್ಚ್ ಬಿಟ್ಟು ನೋಡಿದೆ ಸರ್. ನೀರು ಕೆಳಗೆ ಹೋಗುವ ತೂತಿನ ಸುತ್ತ ಗಟ್ಟಿಯಾದ ಬಿಳಿ ಉಂಗುರವೇ ಆಗಿದೆ.

ಸ್ಕ್ರೂಡ್ರೈವರ್:
ಹಾಗಾದರೆ ಹೀಟರ್ ಬದಲಿಸುವ ಮಾತು ಈಗ ಬೇಡ. ಇಂಥ ಎರಡು ಮೆಷಿನ್ ಬಿಚ್ಚಿ ನೋಡಿದ್ದೇನೆ. ಒಳಗೆ ಪಂಪ್ ಏನೂ ಇರುವುದಿಲ್ಲ. ಟ್ಯಾಂಕಿನ ನೀರು ಒಂದು ರಬ್ಬರ್ ಪೈಪಿನಲ್ಲಿ ಕೆಳಗಿಳಿದು, ಬಿಸಿ ತಟ್ಟೆಯ ಅಡಿಯಲ್ಲಿರುವ ಬಾಗಿದ ಅಲ್ಯುಮಿನಿಯಂ ಕೊಳವೆಗೆ ಬರುತ್ತದೆ. ಅಲ್ಲಿ ಕುದಿಯುತ್ತದೆ. ಕುದಿವ ಗುಳ್ಳೆಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ಹಿಂದಕ್ಕೆ ಹರಿಯದ ಹಾಗೆ ದಾರಿಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಬೋರ್ ನೀರು ಗಡಸು. ಕಾಯಿಸಿದಾಗೆಲ್ಲ ಅದರಲ್ಲಿರುವ ಸುಣ್ಣ ಆ ಕೊಳವೆಯ ಗೋಡೆಗೆ ಅಂಟುತ್ತದೆ. ದಾರಿ ಸಣ್ಣದಾಗುತ್ತಾ ಬರುತ್ತದೆ, ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಕೊಳವೆ ಮಿತಿಮೀರಿ ಕಾದಾಗ ಥರ್ಮೋಸ್ಟಾಟ್ ಕರೆಂಟ್ ಕಡಿದುಬಿಡುತ್ತದೆ. ನಿಮ್ಮ ಕಾಲು ಟ್ಯಾಂಕ್ ನೀರು ಉಳಿಯುವುದು ಇದರಿಂದಲೇ ಇರಬೇಕು.

ನಿಮ್ಮ ಮನೆಯಲ್ಲಿರುವುದು ಎರಡು ಬೇರೆ ಬೇರೆ ಕೊಳೆ. ಬಿಳಿಯದು ಸುಣ್ಣ, ಅದಕ್ಕೆ ಹುಳಿ ಬೇಕು. ಕಂದು ಬಣ್ಣದ್ದು ಕಾಫಿಯ ಎಣ್ಣೆ ಮತ್ತು ಬಿಸಿ ತಟ್ಟೆಯ ಮೇಲೆ ಒಣಗಿ ಸೀದ ಡಿಕಾಕ್ಷನ್. ಚಿಕೋರಿ ಇದ್ದರೆ ಅಂಟು ಇನ್ನೂ ಜಾಸ್ತಿ. ಇದಕ್ಕೆ ಸೋಡಾ ಬೇಕು. ವಿನೆಗರ್‌ಗೆ ಜಗ್ಗದೇ ಇದ್ದದ್ದು ಅದಕ್ಕೇ.

ಮೊದಲು ಜಗ್. ಮುಚ್ಚಳ ಬಿಚ್ಚಿ. ಎರಡು ಚಮಚ ಅಡುಗೆ ಸೋಡಾ ಹಾಕಿ, ಉಗುರುಬೆಚ್ಚಗಿನ ನೀರಿಂದ ಶುರು ಮಾಡಿ ನಿಧಾನವಾಗಿ ಬಿಸಿ ನೀರು ತುಂಬಿ. ತಣ್ಣಗಿರುವ ಗಾಜಿಗೆ ಒಮ್ಮೆಲೇ ಕುದಿಯುವ ನೀರು ಹಾಕಬೇಡಿ, ಬಿರುಕು ಬಿಡುತ್ತದೆ. ಎರಡು ಗಂಟೆ ಬಿಟ್ಟು ಮೆತ್ತಗಿನ ಸ್ಪಾಂಜ್‌ನಲ್ಲಿ ಉಜ್ಜಿ. ಮೂಲೆಗೆ ಕೈ ಹೋಗದಿದ್ದರೆ ಒಂದು ಹಿಡಿ ಅಕ್ಕಿ, ಅರ್ಧ ಲೋಟ ಸೋಡಾ ನೀರು ಹಾಕಿ ಗರಗರ ತಿರುಗಿಸಿ. ನಮ್ಮ ಅಜ್ಜಿ ಫ್ಲಾಸ್ಕ್ ತೊಳೆಯುತ್ತಿದ್ದದ್ದು ಹೀಗೇ.

ಮೆಷಿನ್‌ಗೆ ಸಿಟ್ರಿಕ್ ಆಸಿಡ್ ತನ್ನಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. 600 ಎಂಎಲ್ ನೀರಿಗೆ ಒಂದು ದೊಡ್ಡ ಚಮಚ, ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿ. ಪುಡಿ ಬೇಡ, ಜಾಲರಿ ಮಾತ್ರ ಇರಲಿ. ಅರ್ಧ ಇಳಿದ ಕೂಡಲೇ ಸ್ವಿಚ್ ಆಫ್ ಮಾಡಿ, ಮುಕ್ಕಾಲು ಗಂಟೆ ಹಾಗೇ ಬಿಡಿ. ಕೊಳವೆಯೊಳಗೆ ನಿಂತ ಹುಳಿ ನೀರು ಸುಣ್ಣವನ್ನು ತಿನ್ನುವುದು ಈ ಹೊತ್ತಿನಲ್ಲೇ. ಆಮೇಲೆ ಉಳಿದದ್ದನ್ನೂ ಇಳಿಸಿ. ಕೊನೆಗೆ ಬರೀ ನೀರಿನಲ್ಲಿ ಮೂರು ಸಲ ಓಡಿಸಿ.

ಒಂದು ಮಾತು ಖಂಡಿತ ನೆನಪಿಡಿ. ಟ್ಯಾಂಕಿಗೆ ಸೋಡಾ ಹಾಕಲೇಬೇಡಿ. ಒಳಗಿರುವ ಅಲ್ಯುಮಿನಿಯಂಗೆ ಅದು ಒಳ್ಳೆಯದಲ್ಲ, ಕರಗದ ಪುಡಿ ಹೋಗಿ ವಾಲ್ವ್‌ನಲ್ಲೂ ಕೂರುತ್ತದೆ.

ತೋಟದಮನೆ:
ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಹಾಕಿದರೆ ಒಳ್ಳೆ ನೊರೆ ಬರುತ್ತೆ, ನಾವು ಸಿಂಕ್‌ಗೆ ಹಾಗೇ ಮಾಡೋದು. ಜಗ್‌ಗೂ ಮಾಡಬಹುದಲ್ವಾ? ನಮ್ಮದು ಚಿಕ್ಕಮಗಳೂರು ಕಡೆ, ಹಳ್ಳದ ನೀರು. ಬಿಳಿ ಕಲೆ ನಾವು ನೋಡಿಯೇ ಇಲ್ಲ. ಕಂದು ಕಲೆ ಮಾತ್ರ ಇಲ್ಲೂ ಇದ್ದದ್ದೇ.

ಸ್ಕ್ರೂಡ್ರೈವರ್:
ಬೇಡ ಸರ್. ನೊರೆ ಕಾಣುತ್ತದೆ ನಿಜ, ಆದರೆ ಹುಳಿ ಸೋಡಾವನ್ನು, ಸೋಡಾ ಹುಳಿಯನ್ನು ಸಪ್ಪೆ ಮಾಡಿಬಿಡುತ್ತದೆ. ಎರಡರ ಶಕ್ತಿಯೂ ಹೋಯಿತು. ಒಂದು ಮುಗಿಸಿ, ಚೆನ್ನಾಗಿ ತೊಳೆದು, ಆಮೇಲೆ ಇನ್ನೊಂದು. ಇದನ್ನು ಓದುವ ಎಲ್ಲರಿಗೂ ಹೇಳುತ್ತೇನೆ, ಬ್ಲೀಚ್‌ಗೆ ಮಾತ್ರ ವಿನೆಗರ್, ನಿಂಬೆ ಉಪ್ಪು ಯಾವುದನ್ನೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ.

ಬೆಳಗಿನಕಾಫಿ:
ಭಾನುವಾರ ಎಲ್ಲ ಮಾಡಿದೆ. ಸಿಟ್ರಿಕ್ ಆಸಿಡ್ ಹಾಕಿದ ಮೊದಲ ಸಲ ಬಂದ ನೀರು ಮಜ್ಜಿಗೆ ನೀರಿನ ಹಾಗೆ ಕದಡಿತ್ತು. ಆಮೇಲೆ ಉಗುರಿನ ಚೂರಿನಷ್ಟು ತೆಳ್ಳಗಿನ ಬಿಳಿ ಹೊಪ್ಪಳೆಗಳು ಜಾಲರಿಗೆ ಬಂದು ಬಿದ್ದವು. ಕೈಯಲ್ಲಿ ಹಿಚುಕಿದರೆ ಗೋಡೆ ಸುಣ್ಣದ ಹಾಗೇ ಪುಡಿಯಾಯಿತು. ಟ್ಯಾಂಕಿನ ಉಂಗುರ ಪೂರ್ತಿ ಹೋಗಿರಲಿಲ್ಲ, ಅದಕ್ಕೇ ಇನ್ನೊಂದು ಸಲ ಮಾಡಿದೆ. ಮೊದಲು ಟ್ಯಾಂಕ್ ಖಾಲಿಯಾಗಲು ಹದಿನೈದು ನಿಮಿಷ ಬೇಕಿತ್ತು, ಈಗ ಎಂಟು. ಒಂದು ತೊಟ್ಟೂ ಉಳಿಯುತ್ತಿಲ್ಲ! ಇವತ್ತು ಬೆಳಿಗ್ಗೆ ಅಪ್ಪ ಅಡುಗೆಮನೆಗೆ ಬಂದು, ಸದ್ದೇ ಇಲ್ಲವಲ್ಲ, ಮೆಷಿನ್ ಹಾಕಿದ್ದೀಯಾ ಅಂತ ಕೇಳಿದರು.

ಜಗ್‌ನ ಕಂದು ಕಲೆ ಸೋಡಾಗೆ ಸಲೀಸಾಗಿ ಬಿಟ್ಟಿತು. ಸೋಡಾ ನೀರು ಚೆಲ್ಲುವಾಗ ಟೀ ಬಣ್ಣ ಆಗಿತ್ತು. ಆದರೆ ತಳದ ಹತ್ತಿರ ಒಂದು ಕಡೆ ಬಿಳಿ ಮಸುಕು ಹಾಗೇ ಇದೆ. ಮತ್ತೆ ಸಿಟ್ರಿಕ್ ಆಸಿಡ್ ಹಾಕಲಾ?

ಸ್ಕ್ರೂಡ್ರೈವರ್:
ತುಂಬಾ ಖುಷಿಯಾಯಿತು ಮೇಡಂ. ನಿಮ್ಮ ಫಿಲ್ಟರ್ ನೀರಿನ ಗಡಸುತನ ತೆಗೆಯುವಂಥದ್ದಾದರೆ ಇನ್ನು ಮುಂದೆ ಆ ನೀರೇ ಹಾಕಿ, ಸುಣ್ಣ ಇಷ್ಟು ಬೇಗ ಕಟ್ಟುವುದಿಲ್ಲ. ಡಿಕಾಕ್ಷನ್ ಇಳಿದ ಮೇಲೆ ಜಗ್ಗನ್ನು ಬಿಸಿ ತಟ್ಟೆಯ ಮೇಲೆ ಬಿಡಬೇಡಿ, ಫ್ಲಾಸ್ಕ್‌ಗೆ ಬಗ್ಗಿಸಿಬಿಡಿ.

ಆ ಮಸುಕಿನ ಮೇಲೆ ಒಂದು ಹನಿ ವಿನೆಗರ್ ಇಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ. ಅಲ್ಲಿ ಗಾಜು ತಿಳಿಯಾದರೆ ಸುಣ್ಣ, ಇನ್ನೊಂದು ಸಲ ತೊಳೆದರೆ ಹೋಗುತ್ತದೆ. ಏನೂ ಬದಲಾಗದಿದ್ದರೆ ಅದು ಗಾಜಿಗೇ ಬಿದ್ದ ಗೀರು. ನೀವು ಸ್ಟೀಲ್ ಸ್ಕ್ರಬ್ಬರ್ ಹಾಕಿದ್ದೆ ಅಂದಿರಲ್ಲ, ನನಗೆ ಅದೇ ಯೋಚನೆ. ಜಗ್ ಪೂರ್ತಿ ಒಣಗಿಸಿ, ಅಲ್ಲಿ ಉಗುರನ್ನು ಮೆಲ್ಲಗೆ ಆಡಿಸಿ ನೋಡಿ. ಜಾರಿಕೊಂಡು ಹೋದರೆ ಚಿಂತೆ ಇಲ್ಲ. ಉಗುರು ತಡೆದರೆ ಆ ಜಗ್ಗಿಗೆ ಬಿಸಿ ಹಾಕಬೇಡಿ. ಗಾಜು ಒಡೆಯುವುದು ಇಂಥ ಗೀರಿನಿಂದಲೇ ಶುರುವಾಗುವುದು.

ಬೆಳಗಿನಕಾಫಿ:
ವಿನೆಗರ್‌ಗೆ ಏನೂ ಆಗಲಿಲ್ಲ ಸರ್. ಉಗುರು ಎರಡು ಕಡೆ ತಡೆಯುತ್ತಿದೆ.

ಸ್ಕ್ರೂಡ್ರೈವರ್:
ಹಾಗಾದರೆ ಜಗ್ ಮಾತ್ರ ಬದಲಿಸಿ, ಮೆಷಿನ್ ಚೆನ್ನಾಗಿದೆ. ಪ್ಲಗ್ ಕಿತ್ತು, ನೀರು ಖಾಲಿ ಮಾಡಿ, ಮಗುಚಿ ನೋಡಿ. ತಳದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಆ ನಂಬರ್ ಹೇಳಿ ಬರೀ ಜಗ್ ಸಿಗುತ್ತಾ ಕೇಳಿ. ಹೊಸ ಜಗ್ ಬರುವವರೆಗೆ ಹಳೆಯದನ್ನು ಬಳಸಬೇಡಿ, ಅಪ್ಪನಿಗೆ ಸ್ಟೀಲ್ ಫಿಲ್ಟರ್‌ನಲ್ಲೇ ರಾತ್ರಿ ಡಿಕಾಕ್ಷನ್ ಹಾಕಿಡಿ.