ವಾಯ್ಸ್ ರೆಕಾರ್ಡರ್‌ಗೆ ರೀಚಾರ್ಜಬಲ್ ಸೆಲ್ ಹಾಕಿದರೆ ಬೇಗ ‘ಲೋ ಬ್ಯಾಟರಿ’ ಬರುತ್ತಿದೆ

ನಾದಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನ ರೆಕಾರ್ಡರ್‌ಗೆ ಎರಡು ಎಎ ಸೆಲ್ ಬೇಕು. ಆಲ್ಕಲೈನ್ ಸೆಲ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಪದೇ ಪದೇ ಎಸೆಯೋದು ಬೇಡ ಅಂತ 2800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಎಂದು ಬರೆದಿರುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಂದೆ. ಫುಲ್ ಚಾರ್ಜ್ ಮಾಡಿ ಹಾಕಿದರೂ ಬ್ಯಾಟರಿ ಗುರುತು ಅರ್ಧವೇ ತೋರಿಸುತ್ತದೆ. ಕೆಲವು ವಾರ ಬ್ಯಾಗಿನಲ್ಲಿಟ್ಟು ತೆಗೆದರೆ ಆನ್ ಆದ ತಕ್ಷಣ ಆಫ್. ಸೆಲ್ ಕೆಟ್ಟಿದೆಯಾ, ರೆಕಾರ್ಡರಾ? 14500 ಅನ್ನೋ ಲಿಥಿಯಂ ಸೆಲ್ ಕೂಡ ಇದೇ ಅಳತೆಯಲ್ಲಿ ಸಿಗುತ್ತದೆ. ಅದನ್ನು ಹಾಕಬಹುದಾ?

ತಂತಿಜೋಡಿ:
ಮೊದಲು ನಿಮ್ಮ ಕೊನೆಯ ಪ್ರಶ್ನೆ. 14500 ದಯವಿಟ್ಟು ಹಾಕಬೇಡಿ. ಅಳತೆ ಒಂದೇ ಇರಬಹುದು, ವೋಲ್ಟೇಜ್ ಬೇರೆ. ಅದು 3.7 ವೋಲ್ಟ್ ಸೆಲ್, ಫುಲ್ ಚಾರ್ಜ್ ಆದಾಗ 4.2. ಎರಡು ಸೇರಿದರೆ 8.4 ವೋಲ್ಟ್. 3 ವೋಲ್ಟ್‌ಗೆ ಮಾಡಿದ ಬೋರ್ಡ್ ಸುಟ್ಟುಹೋಗಬಹುದು. ಮರೆತು ಅದನ್ನು ನಿಕಲ್ ಚಾರ್ಜರ್‌ಗೆ ಹಾಕಿದರೆ ಬೆಂಕಿಯ ಭಯವೂ ಇದೆ.

ಈಗ ನಿಮ್ಮ ತೊಂದರೆ. ಇದು ಒಂದಲ್ಲ, ಎರಡು.

ಗುರುತು ಅರ್ಧ ತೋರಿಸುವುದು ಸೆಲ್‌ನ ತಪ್ಪಲ್ಲ. ರೆಕಾರ್ಡರ್ ಬರೀ ವೋಲ್ಟೇಜ್ ನೋಡಿ ಲೆಕ್ಕ ಹಾಕುತ್ತದೆ. ಆಲ್ಕಲೈನ್ 1.5ರಿಂದ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, 1.2ಕ್ಕೆ ಬಂದಾಗ ಸಾಕಷ್ಟು ಖಾಲಿಯಾಗಿರುತ್ತದೆ. ನಿಕಲ್ ಸೆಲ್ ಹಾಗಲ್ಲ. ಅದು ಹೆಚ್ಚುಕಡಿಮೆ ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ನಿಂತು, ಆಮೇಲೆ ಒಮ್ಮೆಗೇ ಬೀಳುತ್ತದೆ. ಸುಮಾರು ರೆಕಾರ್ಡರ್‌ಗಳ ಮೆನುವಿನಲ್ಲಿ ‘ಬ್ಯಾಟರಿ ಟೈಪ್’ ಅಂತ ಇರುತ್ತದೆ. ಅಲ್ಲಿ ನಿಕಲ್ ಆರಿಸಿ ನೋಡಿ.

ಇಟ್ಟಲ್ಲೇ ಖಾಲಿಯಾಗುವುದು ಬೇರೆ ವಿಷಯ, ಸೆಲ್ ಆರಿಸುವಾಗ ನೋಡಬೇಕಾದ್ದೇ ಇದು. ಎಂಎಎಚ್ ಜಾಸ್ತಿ ಇರುವ ಮಾಮೂಲಿ ನಿಕಲ್ ಸೆಲ್ ಸುಮ್ನೆ ಇಟ್ಟರೂ ವಾರಗಳಲ್ಲೇ ಚಾರ್ಜ್ ಕಳೆದುಕೊಳ್ಳುತ್ತದೆ. ಇದಕ್ಕಾಗಿಯೇ ‘ಲೋ ಸೆಲ್ಫ್ ಡಿಸ್ಚಾರ್ಜ್’ ಸೆಲ್ ಬಂದದ್ದು. 2005ರಲ್ಲಿ ಸ್ಯಾನ್ಯೋ ತಂದ ಎನೆಲೂಪ್ ಈ ಜಾತಿಯದು. ಇವುಗಳ ಮೇಲೆ ಸುಮಾರು 2000 ಎಂಎಎಚ್ ಅಂತಲೇ ಇರುತ್ತದೆ, ಆದರೆ ವರ್ಷ ಕಳೆದರೂ ಚಾರ್ಜ್‌ನ ಹೆಚ್ಚಿನ ಭಾಗ ಉಳಿದಿರುತ್ತದೆ. ಚಾರ್ಜ್ ಮಾಡಿ ಅವತ್ತೇ ಬಳಸುವವರಿಗೆ 2800 ಸರಿ. ಬ್ಯಾಗಿನಲ್ಲಿಟ್ಟು ಬೇಕಾದಾಗ ತೆಗೆಯುವವರಿಗೆ 2000ವೇ ಮೇಲು.

ಇನ್ನೊಂದು ಪರೀಕ್ಷೆ ಮಾಡಿ. ರೆಕಾರ್ಡರ್ ಆಫ್ ಆದ ಕೂಡಲೇ ಎರಡೂ ಸೆಲ್ ಬೇರೆ ಬೇರೆಯಾಗಿ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ತಡ ಮಾಡಿದರೆ ವೋಲ್ಟೇಜ್ ಮತ್ತೆ ಮೇಲೇರಿ ಮೋಸ ಮಾಡುತ್ತದೆ.

ಕಿವಿಗೊಟ್ಟವ:
ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಎಎ ಸಿಗುತ್ತದಲ್ವಾ? ಅದು ಹೇಗೆ?

ತಂತಿಜೋಡಿ:
ಆಟಿಕೆಗೆ, ಟಾರ್ಚ್‌ಗೆ ಚೆನ್ನಾಗಿದೆ. ರೆಕಾರ್ಡರ್‌ಗೆ ನಾನು ಹೇಳುವುದಿಲ್ಲ. ಒಳಗೆ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್ ಇದೆ. ಅದರ ಸದ್ದು ಕೆಲವೊಮ್ಮೆ ರೆಕಾರ್ಡಿಂಗ್‌ನಲ್ಲಿ ‘ಕುಂಯ್’ ಅಂತ ಸೇರಿಬಿಡುತ್ತದೆ. ಜೊತೆಗೆ ಕೊನೆಯವರೆಗೂ 1.5 ತೋರಿಸಿ ಹಠಾತ್ತನೆ ನಿಲ್ಲುವುದುಂಟು. ಮುನ್ಸೂಚನೆಯೇ ಇಲ್ಲದೆ ನಿಂತರೆ ನಡೆಯುತ್ತಿದ್ದ ಫೈಲ್ ಹೋದಂತೆಯೇ.

ನಾದಪ್ರಿಯ:
ಮೆನುವಿನಲ್ಲಿ ಬದಲಾಯಿಸಿದೆ, ಗುರುತು ಈಗ ಪೂರ್ತಿ ತೋರಿಸುತ್ತಿದೆ! ಅಳೆದು ನೋಡಿದೆ: ಒಂದು ಸೆಲ್ 1.22, ಇನ್ನೊಂದು 0.94. ಚಾರ್ಜರ್‌ನಲ್ಲಿ ಎರಡು ಸೆಲ್‌ಗೂ ಸೇರಿ ಒಂದೇ ದೀಪ ಇದೆ.

ತಂತಿಜೋಡಿ:
ಆ 0.94ರದ್ದೇ ಜೋಡಿಯನ್ನು ಎಳೆದು ಬೀಳಿಸುತ್ತಿದೆ. ನಿಮ್ಮ ಚಾರ್ಜರ್ ಎರಡನ್ನೂ ಒಟ್ಟಿಗೆ ನೋಡುವ ಜಾತಿಯದು ಅನ್ನಿಸುತ್ತದೆ. ಒಂದೊಂದು ಸೆಲ್‌ಗೂ ಬೇರೆ ಬೇರೆ ದೀಪ, ಬೇರೆ ಬೇರೆ ಕಟಾಫ್ (ತುಂಬಿದ ಕೂಡಲೇ ಚಾರ್ಜ್ ತಾನೇ ನಿಲ್ಲುವುದು) ಇರುವುದನ್ನು ತೆಗೆದುಕೊಳ್ಳಿ. ಅದರಲ್ಲಿ ‘ರಿಫ್ರೆಶ್’ (ಸೆಲ್ ಖಾಲಿ ಮಾಡಿ ಮತ್ತೆ ತುಂಬಿಸುವುದು) ಇದ್ದರೆ ಈ ಸೆಲ್‌ಗೆ ಒಂದೆರಡು ಸಲ ಮಾಡಿ ನೋಡಿ. ಸುಧಾರಿಸದಿದ್ದರೆ ಇ-ತ್ಯಾಜ್ಯಕ್ಕೆ ಕೊಡಿ. ಹೊಸ ಸೆಲ್ ಬಂದಾಗ ಹಳೆಯದರ ಜೊತೆ ಸೇರಿಸಬೇಡಿ, ಜೋಡಿಯ ಮೇಲೆ ಮಾರ್ಕರ್‌ನಲ್ಲಿ ಒಂದೇ ಗುರುತು ಹಾಕಿಟ್ಟುಕೊಳ್ಳಿ.